ಬೊಟ್ಟಿಟ್ಟ ಚಿತ್ರಗಳು

ಮಗು ಏನು ಬರೆಯಿತು ಎಂದು ಕೇಳುವವರು ಲೋಕದ ತುಂಬ ಇದ್ದಾರೆ. ಬರೆದು ಮುಗಿಸಿದ ಮೇಲೆ ತನ್ನ ಚಿತ್ರವನ್ನು ತಾನೇ ಹೇಗೆ ನೋಡಿಕೊಂಡಿತು ಎಂದು ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೊನೆಗೆ ಆ ಕೆಲಸಕ್ಕೆ ಒಂದು ಯಂತ್ರವೇ ಬರಬೇಕಾಯಿತು. ಅದರ ಹೆಸರು ಮನಗನ್ನಡಿ.

ಗದಗ ಜಿಲ್ಲೆಯ ಶಾಲೆಗಳಲ್ಲಿ ಕಲ್ಲಿನ ಪಾಟಿ ಎಂದೋ ಹೋಗಿ ಗಾಜಿನ ಪಾಟಿ ಬಂದಿತ್ತು. ದಿನಾ ಪ್ರಾರ್ಥನೆ ಮುಗಿದ ಕೂಡಲೇ ಪ್ರತಿ ಮಗುವೂ ಅದರ ಮೇಲೆ ತನಗಿಷ್ಟ ಬಂದ ಚಿತ್ರ ಬರೆಯಬೇಕು. ಗಾಜಿನ ಅಡಿಯ ಸಂವೇದಕಗಳು ಬೆರಳ ತುದಿಯ ನಾಡಿಯನ್ನೂ ಬೆವರನ್ನೂ ಒತ್ತಡವನ್ನೂ ಹಿಡಿಯುತ್ತಿದ್ದವು. ಅಂಚಿನ ಪುಟ್ಟ ಮಸೂರ ಮಗುವಿನ ಕಣ್ಣು ಎಲ್ಲಿ ನಿಂತಿತು, ಎಲ್ಲಿಂದ ಓಡಿಹೋಯಿತು ಎಂದು ನೋಡುತ್ತಿತ್ತು. ಚಿತ್ರದಲ್ಲಿ ಆನೆ ಇದೆಯೋ ಆಡು ಇದೆಯೋ ಮನಗನ್ನಡಿಗೆ ಬೇಕಿರಲಿಲ್ಲ. ಚಿತ್ರಕ್ಕೆ ಅರ್ಥ ಹೇಳಲು ಹೊರಟ ಹಳೆಯ ಯಂತ್ರಗಳೆಲ್ಲ ಊರಿಗೊಂದು ತಪ್ಪು ಹೇಳಿ ಮಾನ ಕಳೆದುಕೊಂಡಿದ್ದವು; ಹಾಗಾಗಿ ಇದನ್ನು ಕಟ್ಟಿದವರು ಅದರ ಕಣ್ಣನ್ನು ಬೇಕೆಂದೇ ಮಗುವಿನ ಮೇಲೆ ಮಾತ್ರ ನೆಟ್ಟಿದ್ದರು.

ತನ್ನ ಚಿತ್ರ ಮಗುವಿಗೆ ಮೆಚ್ಚುಗೆಯಾದರೆ ಹಸಿರು. ಬೇಸರವಾದರೆ ಹಳದಿ. ತಾನು ಬರೆದದ್ದನ್ನು ತಾನೇ ಕೆಡಿಸುವಷ್ಟು ತನ್ನ ಮೇಲೆ ತನಗೇ ಜಿಗುಪ್ಸೆ ಬಂದಿದ್ದರೆ ಕೆಂಪು. ಕೆಂಪು ಬಿದ್ದ ಮಗುವನ್ನು ಅದೇ ದಿನ ಗಾಡಿ ಬಂದು ಆಸರೆ ಕೇಂದ್ರಕ್ಕೆ ಒಯ್ಯುತ್ತಿತ್ತು. ಕೆಲವು ವಾರ ತಾಯಿತಂದೆಯ ಮುಖ ಕೂಡ ತೋರಿಸುತ್ತಿರಲಿಲ್ಲ. ಎಂಥ ಕಟುಕರಪ್ಪ ಎನ್ನಬೇಡಿ. ಮನೆಯಲ್ಲಿ ಬರೆ ಹಾಕಿಸಿಕೊಂಡು ತುಟಿ ಪಿಟಕ್ಕೆನ್ನದ ಎಷ್ಟೋ ಮಕ್ಕಳನ್ನು ಆ ಕೆಂಪು ದೀಪವೇ ಬದುಕಿಸಿತ್ತು. ಅಧಿಕಾರಿಗಳು ಇದನ್ನೇ ನೆಪ ಮಾಡಿಕೊಂಡು ಸಿಕ್ಕಸಿಕ್ಕವರ ಮನೆ ನುಗ್ಗಬಾರದೆಂದು ಇನ್ನೊಂದು ಕಾನೂನೂ ಇತ್ತು: ಹಸಿರು ಮಗುವಿನ ಮನೆಯ ಹೊಸ್ತಿಲನ್ನು ಯಾರೂ ತುಳಿಯುವಂತಿಲ್ಲ.

ಆ ಶನಿವಾರ ನೀಲಾಂಬಿಕಾ ನಿಯಂತ್ರಣ ಕೊಠಡಿಯ ದೊಡ್ಡ ಗೋಡೆಪರದೆಯ ಮುಂದೆ ಚಹಾ ಹಿಡಿದು ಕೂತಿದ್ದಳು. ಗೋಡೆಯ ತುಂಬ ಹಸಿರು ಚುಕ್ಕೆ, ನಡುನಡುವೆ ಹಳದಿ. ಬೆಟಗೇರಿಯ ಮೂಲೆಯಲ್ಲಿ ಒಂದು ಕೆಂಪು ಹೊತ್ತಿಕೊಂಡಿತು. ಯಾರ ಕೂಸೋ ಪಾಪ ಎಂದುಕೊಂಡು ಮುಟ್ಟಿದಳು. ಚಂಪಾ ರುದ್ರಗೌಡ ಹಾದಿಮನಿ, ಎರಡನೇ ಇಯತ್ತೆ ಎಂದು ಬಂತು. ಅವಳದೇ ಮಗಳು.

ಚಹಾ ಮಡಿಲ ಮೇಲೆ ಚೆಲ್ಲಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಚಿತ್ರ ತೆರೆದಳು. ಬೆಕ್ಕು, ಅದರ ಹೊಟ್ಟೆಗೆ ಅಂಟಿಕೊಂಡ ಮರಿಗಳು. ಏಳು ವರ್ಷದ ಕೈ ಇಷ್ಟು ಚೆನ್ನಾಗಿ ಬರೆಯಬಲ್ಲದೇ ಎನ್ನುವ ಹಾಗಿತ್ತು. ಬೆಕ್ಕಿನ ಕೆನ್ನೆಯ ಮೇಲೆ ಮಾತ್ರ ಒತ್ತಿ ಒತ್ತಿ ಬಳಿದ ಕರಿ ಮಚ್ಚೆ. ಹಿಂದಿನ ದಿನದ ನವಿಲಿಗೂ ಮಚ್ಚೆ, ಅದರ ಹಿಂದಿನ ದಿನದ ಬಸ್ಸಿಗೂ ಮಚ್ಚೆ; ಮೂರು ದಿನ ಒಂದೇ ಸಮ ಕಂಡ ಮೇಲೆ ಯಂತ್ರ ಕೆಂಪು ಹೊತ್ತಿಸಿತ್ತು. ಯಂತ್ರದ ಟಿಪ್ಪಣಿ ಸ್ಪಷ್ಟವಾಗಿತ್ತು: ಮಗು ಚಿತ್ರವನ್ನು ಬಹಳ ಹೊತ್ತು ನೋಡುತ್ತದೆ, ನಾಡಿ ಏರುತ್ತದೆ, ಕಳ್ಳನೋಟದಿಂದ ಅತ್ತಿತ್ತ ನೋಡುತ್ತದೆ, ಆಮೇಲೆ ಕಪ್ಪು ಬಳಿಯುತ್ತದೆ, ಚಿತ್ರ ಮೆಚ್ಚುಗೆಯಾದಷ್ಟೂ ಹೆಚ್ಚು ಬಳಿಯುತ್ತದೆ.

ನೀಲಾಂಬಿಕಾಳಿಗೆ ನಗು ಉಕ್ಕಿ ಬಂತು. ಅದು ದೃಷ್ಟಿಬೊಟ್ಟು! ದಿನಾ ಬೆಳಿಗ್ಗೆ ಅತ್ತೆ ಫಕೀರವ್ವ ಮೊಮ್ಮಗಳ ಕೆನ್ನೆಗೆ ಕಾಡಿಗೆ ಹಚ್ಚಿ ಕಳಿಸುತ್ತಿದ್ದಳು. ಮೊಮ್ಮಗಳು ತನ್ನ ಬೆಕ್ಕಿಗೂ ಹಚ್ಚಿದ್ದಾಳೆ, ಅಷ್ಟೇ.

ಕೊಠಡಿಯ ಮುಖ್ಯಸ್ಥ ಮೆಣಸಿನಕಾಯಿಯವರ ಬಳಿ ಓಡಿದಳು. ಅಡ್ಡಹೆಸರು ಖಾರವಾದರೂ ಮನುಷ್ಯ ಮೆತ್ತಗೆ. ಕೇಳಿ ಹಣೆ ಒತ್ತಿಕೊಂಡರು.

“ನೀ ಹೇಳೂದು ಖರೇ ಇರಬಹುದವಾ. ಆದ್ರ ಯಂತ್ರಕ್ಕ ನಿಮ್ಮತ್ತಿ ಗೊತ್ತಿಲ್ಲಲ್ಲ.”

“ನೀವರೆ ಹೇಳ್ರಿ ಸರ್ ಅದಕ್ಕ! ಇದೊಂದು ಕೂಸಿನ ಕೆಂಪು ತಗೀರಿ.”

“ಒಂದು ಕೂಸಿಂದು ತಗ್ಯಾಕ ಬರಾಂಗಿಲ್ಲ. ಹಿಂದ ದೊಡ್ಡೋರ ಮಕ್ಕಳದು ಹಂಗ ತಗದು ತಗದು ಏನಾತು ನೋಡೀಯಲ್ಲ. ತಿದ್ದಿದ್ರ ನಿಯಮಾನ ತಿದ್ದಬೇಕು. ಇಡೀ ಜಿಲ್ಲಾಕ್ಕ.”

“ಹಂಗಾರ ಜಿಲ್ಲಾಕ್ಕ ತಿದ್ದೂಣ್ರಿ!”

“ಪುರಾವೆ ಬೇಕು ನೀಲಾ. ಚಲೋ ಚಿತ್ರಕ್ಕ ಅಷ್ಟ ಬೊಟ್ಟು ಇಡತಾಳ, ಮನಸಿಗೆ ಬರದಿದ್ದಕ್ಕ ಇಡಾಂಗಿಲ್ಲ ಅಂತ ಪಾಟಿ ಮ್ಯಾಲೆ ಕಾಣಬೇಕು. ಇಲ್ಲಿತನಕ ಆ ಹುಡುಗಿ ಮನಸಿಗೆ ಬರದ ಚಿತ್ರಾನ ತಗದಿಲ್ಲ. ಗಾಡಿ ಹೊಂಟೈತಿ. ಜಲ್ದಿ ಹೋಗು, ನಾ ಇಲ್ಲಿ ನೋಡತಿರತೀನಿ.”

ಶನಿವಾರವಾದ್ದರಿಂದ ಶಾಲೆ ಬೆಳಿಗ್ಗೆಯೇ ಬಿಟ್ಟಿತ್ತು. ನೀಲಾಂಬಿಕಾ ಮನೆ ಹೊಕ್ಕಾಗ ಫಕೀರವ್ವ ಶೇಂಗಾ ಹುರಿಯುತ್ತಿದ್ದಳು, ಚಂಪಾ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಸಿಪ್ಪೆ ಊದುತ್ತಿದ್ದಳು. ರುದ್ರಗೌಡ ಗಾಳಿಯಂತ್ರದ ಕೆಲಸಕ್ಕೆಂದು ಗುಜರಾತಿಗೆ ಹೋಗಿ ಬಹಳ ದಿನವಾಗಿತ್ತು. ಮನೆಯಲ್ಲಿ ಇರುವವರು ಈ ಮೂವರೇ.

“ಅತ್ತೀ, ಚಿತ್ರಕ್ಕ ಬೊಟ್ಟಿಡು ಅಂತ ಚಂಪಾಗ ನೀವ ಹೇಳಿದ್ರೇನು?”

“ಹೂನವಾ, ನಾನ ಹೇಳೇನಿ. ಚಂದ ಇದ್ದದ್ದಕ್ಕ ಮಂದೀ ಕಣ್ಣು ಬೀಳದ ಬಿಡತಾವೇನು? ಯಾಕ, ಏನಾತು?”

ಆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಫಕೀರವ್ವ ಸೌಟು ಕೈಬಿಟ್ಟು ಗೋಡೆಗೆ ಒರಗಿದಳು. ನೀಲಾಂಬಿಕಾ ಮಗಳ ಶಾಲೆಯ ಚೀಲದಿಂದ ಪಾಟಿ ತೆಗೆದು ಅವಳ ತೊಡೆಯ ಮೇಲಿಟ್ಟಳು.

“ಚಂಪಾ, ಒಂದು ಕೆಟ್ಟ ಚಿತ್ರ ತಗಿ ನೋಡೂಣು.”

“ಕೆಟ್ಟದ್ದು ಯಾಕ ತಗೀಬೇಕು?”

“ಅವ್ವ ಹೇಳತಾಳ, ತಗಿ. ಜಲ್ದಿ.”

ಚಂಪಾ ಕತ್ತೆ ಬರೆಯತೊಡಗಿದಳು. ಬೇಕೆಂದೇ ಕಾಲು ಸೊಟ್ಟ ಮಾಡಿದಳು, ಕಿವಿ ಹರಿದಂತೆ ಬರೆದಳು. ಬರೆಯುತ್ತ ಬರೆಯುತ್ತ ಆ ಸೊಟ್ಟ ಕಾಲಿನ ಕತ್ತೆಯ ಮೇಲೆ ಅವಳಿಗೆ ಅಕ್ಕರೆ ಹುಟ್ಟಿಬಿಟ್ಟಿತು. “ಪಾಪ, ಕುಂಟ ಕತ್ತಿ. ಎಷ್ಟ್ ಚಂದ ಐತಿ ನೋಡವಾ,” ಎಂದವಳೇ ಆಚೀಚೆ ನೋಡಿ ಕರಿ ಬೊಟ್ಟು ಒತ್ತಿದಳು. ನೀಲಾಂಬಿಕಾ ತಲೆ ಚಚ್ಚಿಕೊಂಡಳು. ಮಕ್ಕಳಿಗೆ ಒಳ್ಳೆಯದು ಕಲಿಸುವುದೇ ಕಷ್ಟ ಎಂದುಕೊಂಡಿದ್ದಳು, ಕೆಟ್ಟದ್ದು ಮಾಡಿಸುವುದು ಅದಕ್ಕಿಂತ ಕಷ್ಟ.

ಓಣಿಯ ತುದಿಯಲ್ಲಿ ಗಾಡಿ ತಿರುಗಿದ ಸಪ್ಪಳ ಕೇಳಿಸಿತು. ಇನ್ನೊಂದು ಬರೆಸಿದಳು; ಎಮ್ಮೆ ಬಂತು, ಎಮ್ಮೆಗೂ ಬೊಟ್ಟು ಬಿತ್ತು. ಅಷ್ಟರಲ್ಲಿ ಫಕೀರವ್ವ ಸೆರಗಿನಿಂದ ಮೂಗೊರೆಸಿಕೊಂಡು ಎದುರಿಗೆ ಬಂದು ಕೂತಳು.

“ನನ್ನ ಚಿತ್ರ ತಗಿ ನನ ಬಂಗಾರಾ. ಆಯಿ ಹ್ಯಾಂಗದಾಳೋ ಹಂಗ ಬರಬೇಕು ಮತ್ತ.”

ಹೇಗಿದ್ದಾಳೋ ಹಾಗೆ ಬರಬೇಕು ಎಂದದ್ದೇ ತಡ, ಚಂಪಾಳ ಹುಬ್ಬು ಗಂಟಿಕ್ಕಿತು. ಮೂಗು ಬರೆದಳು, ಅದು ಬದನೆಕಾಯಿಯಾಯಿತು. ಅಳಿಸಿ ಬರೆದಳು, ಇನ್ನೂ ದೊಡ್ಡ ಬದನೆಕಾಯಿಯಾಯಿತು. ಚಿತ್ರ ನೋಡಿದಳು, ಅಜ್ಜಿಯ ಮುಖ ನೋಡಿದಳು. “ಥೂ, ಆಯಿ ಹಿಂಗಿಲ್ಲ!” ಎಂದು ಪಾಟಿಯನ್ನು ದೂರ ತಳ್ಳಿದಳು. ಬೊಟ್ಟು ಇಡುವ ಗೊಡವೆಗೇ ಹೋಗಲಿಲ್ಲ.

ತೆರೆದೇ ಇಟ್ಟಿದ್ದ ಫೋನಿನಲ್ಲಿ ಮೆಣಸಿನಕಾಯಿಯವರ ದನಿ ಏರಿತು. “ಬಂತು, ಬಂತವಾ! ಬೇಸರ ಐತಿ, ಕಪ್ಪಿಲ್ಲ. ಸಾಕು. ಆದ್ರ ಇಡೀ ಜಿಲ್ಲಾಕ್ಕ ತಿದ್ದೂದು ಐತಿ, ಸೋಮವಾರ ನಾಕು ಮಂದಿ ಕುಂತು ನೋಡಿ...”

“ಸೋಮವಾರಕ್ಕ ನನ್ನ ಮಗಳು ಮನ್ಯಾಗ ಇರಾಂಗಿಲ್ರಿ ಸರ್! ಗಾಡಿ ಬಾಗಲಕ್ಕ ಬಂದೈತಿ. ಈಗ ಮಾಡ್ರಿ. ನನ್ನ ಹೆಸರಿಲೆ ಮಾಡ್ರಿ, ಜವಾಬ್ದಾರಿ ನಂದು!”

ಅತ್ತ ಮೆಣಸಿನಕಾಯಿಯವರು ಕೀಲಿ ಒತ್ತುವ ಸದ್ದು ಕೇಳಿಸಿತು. ಇತ್ತ ಗಾಡಿಯವನು ಬಾಗಿಲಲ್ಲಿ ನಿಂತು ಚಂಪಾಳ ಹೆಸರು ಓದುತ್ತಿದ್ದ. ಓದುತ್ತಿದ್ದಂತೆ ಅವನ ಕೈಯ ಯಂತ್ರ ಟಿಣ್ ಎಂದಿತು. ನೋಡಿ, “ಹಸಿರಾತು ಬಿಡ್ರಿ,” ಎಂದು ಒಂದು ತಂಬಿಗೆ ನೀರು ಕುಡಿದು ಹೋದ. ಫಕೀರವ್ವ ಮೊಮ್ಮಗಳನ್ನು ಎದೆಗವುಚಿಕೊಂಡು ಜೋರಾಗಿ ಅತ್ತಳು. ನೀಲಾಂಬಿಕಾಳೂ ಅತ್ತಳು.

ಅಂದಿನಿಂದ ಗದಗ ಜಿಲ್ಲೆಯ ಮನಗನ್ನಡಿಗೆ ಹೊಸ ಪಾಠವಾಯಿತು: ಅತ್ತಿತ್ತ ನೋಡಿ, ನಾಡಿ ಏರಿ, ಚಿತ್ರದಲ್ಲಿ ಒಂದು ಕಡೆ ಕಪ್ಪು ಒತ್ತಿದರೆ ಅದು ಜಿಗುಪ್ಸೆಯಲ್ಲ, ಹೆಮ್ಮೆ. ಒತ್ತಿದಷ್ಟೂ ಹೆಮ್ಮೆ ಹೆಚ್ಚು. ಮಕ್ಕಳ ನಡುವೆ ಇಂಥದು ಹಬ್ಬಲು ಎಷ್ಟು ಹೊತ್ತು? ಚಂಪಾಳ ಶಾಲೆಯಿಂದ ಪಕ್ಕದ ಶಾಲೆಗೆ, ಅಲ್ಲಿಂದ ಮಾವನ ಊರಿಗೆ ಹೋದ ಹುಡುಗಿಯ ಮೂಲಕ ಇನ್ನೊಂದು ತಾಲ್ಲೂಕಿಗೆ ಬೊಟ್ಟು ದಾಟಿತು. ಮಳೆಗಾಲ ಮುಗಿಯುವಷ್ಟರಲ್ಲಿ ಜಿಲ್ಲೆಯ ನೂರಾರು ಮಕ್ಕಳು ಬೊಟ್ಟಿಡುತ್ತಿದ್ದರು. ಗೋಡೆ ಪೈರಿನಂತೆ ಹಸಿರಾಯಿತು. ಮೇಲಿನವರಿಂದ ಶಹಬ್ಬಾಸ್ ಬಂತು, ಕೊಠಡಿಯಲ್ಲಿ ಪೇಢೆ ಹಂಚಿದರು.

ತನ್ನ ಚಿತ್ರದ ಬಗ್ಗೆ ಅತಿ ಹೆಚ್ಚು ಹೆಮ್ಮೆಯಿರುವ ಮಗುವಿಗೆ ಗದಗಿನಲ್ಲಿ ಸನ್ಮಾನ ಮಾಡಬೇಕೆಂದು ಮೆಣಸಿನಕಾಯಿಯವರಿಗೆ ಹೊಳೆಯಿತು. ಯಂತ್ರ ಒಂದು ಹೆಸರು ಕೊಟ್ಟಿತು. ಹುಲಿಗೆವ್ವ, ಮೂರನೇ ಇಯತ್ತೆ, ಮುಂಡರಗಿ ಕಡೆಯ ಸಣ್ಣ ಹಳ್ಳಿ. ತಾಯಿತಂದೆ ಇಲ್ಲ, ಕಾಕಾನ ಮನೆಯಲ್ಲಿ ಬೆಳೆಯುತ್ತಿದ್ದಳು. ಗೋಡೆಗೆ ಅಂಟಿಸಲು ಅವಳದೊಂದು ಚಿತ್ರ ಆರಿಸು ಎಂದು ನೀಲಾಂಬಿಕಾಳಿಗೆ ಹೇಳಿದರು.

ಆರಿಸಲು ಕೂತಳು. ಒಂದು ಮನೆ, ಪಕ್ಕದಲ್ಲಿ ಬೇವಿನ ಗಿಡ, ಎರಡು ಜಡೆಯ ಸಣ್ಣ ಹುಡುಗಿ. ಅಂಗಳದಲ್ಲಿ ದುಂಡಗೆ ಕರಿ ಬೊಟ್ಟು, ಗಾಜು ಒಡೆಯುವಷ್ಟು ಒತ್ತಿದ್ದು. ಮುಂದಿನದು ನೋಡಿದಳು. ಅದೇ ಮನೆ, ಅದೇ ಗಿಡ. ಅದರ ಮುಂದಿನದೂ ಅದೇ. ನೀಲಾಂಬಿಕಾ ಪೇಢೆ ಬಾಯಲ್ಲಿಟ್ಟುಕೊಂಡವಳು ಅಗಿಯುವುದನ್ನು ನಿಲ್ಲಿಸಿದಳು.

ಚಂಪಾಳ ಬೊಟ್ಟು ಒಂದು ದಿನ ಬೆಕ್ಕಿನ ಕೆನ್ನೆಗೆ, ಒಂದು ದಿನ ಬಸ್ಸಿನ ಗಾಲಿಗೆ, ಇನ್ನೊಂದು ದಿನ ಮೂಲೆಗೆ ಹೋಗುತ್ತಿತ್ತು. ಬೊಟ್ಟಿಟ್ಟ ಎಲ್ಲ ಮಕ್ಕಳದೂ ಹಾಗೇ, ಕೈಗೆ ಬಂದಲ್ಲಿ. ಹುಲಿಗೆವ್ವಳದು ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ಕದಲಿದ್ದು ಹುಡುಗಿ. ಮೊದಲ ಚಿತ್ರದಲ್ಲಿ ಅವಳು ಗಿಡದ ಕೆಳಗಿದ್ದಳು, ಆಮೇಲೆ ಬೊಟ್ಟಿನ ಪಕ್ಕದಲ್ಲಿ, ಆಮೇಲೆ ಸೊಂಟದವರೆಗೆ ಅದರೊಳಗೆ. ನಿನ್ನೆಯ ಚಿತ್ರದಲ್ಲಿ ಕಪ್ಪಿನ ಅಂಚಿನ ಮೇಲೆ ಎರಡು ರಿಬ್ಬನ್ನು ಮಾತ್ರ ಇದ್ದವು. ಇಂದಿನ ಚಿತ್ರ ಬಂದೇ ಇರಲಿಲ್ಲ.

ಇದು ಬೊಟ್ಟಲ್ಲ, ಹಗೇವು. ಹಿಂದಿನ ಕಾಲದಲ್ಲಿ ಅಂಗಳದಲ್ಲಿ ಬಾವಿಯಂತೆ ತೋಡಿ ಜೋಳ ತುಂಬಿ ಮೇಲೆ ಕಲ್ಲು ಮುಚ್ಚುತ್ತಿದ್ದ ನೆಲಕಣಜ. ಒಳಗೆ ಕೆಟ್ಟ ಗಾಳಿ ಕೂಡಿಕೊಂಡು, ಇಳಿದವರು ಉಸಿರುಗಟ್ಟಿ ಸತ್ತ ಕಥೆ ಆ ಸೀಮೆಯಲ್ಲಿ ಎಲ್ಲರೂ ಕೇಳಿದ್ದೇ. ಚಂಪಾ ಆಚೀಚೆ ನೋಡಿದ್ದು ಕೆಟ್ಟ ಕಣ್ಣು ಬಿದ್ದೀತೆಂದು. ಈ ಹುಡುಗಿ ಆಚೀಚೆ ನೋಡಿದ್ದು, ತನ್ನನ್ನು ಹಗೇವಿಗೆ ಇಳಿಸುವ ಕಾಕಾನಿಗೆ ಯಾರಾದರೂ ಚಿತ್ರ ನೋಡಿ ಹೇಳಿಯಾರೆಂದು. ಯಂತ್ರಕ್ಕೆ ಎರಡೂ ಒಂದೇ ನಾಡಿ, ಒಂದೇ ನೋಟ. ಚಿತ್ರದಲ್ಲಿ ಏನಿದೆ ಎಂದು ನೋಡಲು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಶಾಲೆಯ ಗುರುಗಳಿಗೆ ಫೋನು ಹಚ್ಚಿದಳು.

“ಹುಲಿಗೆವ್ವ ಬಂದಾಳೇನ್ರಿ ಸರ್?”

“ಇಲ್ರಿ. ಜ್ವರ ಅಂತ ಅವರ ಕಾಕಾ ಹೇಳಿ ಕಳಿಸ್ಯಾನ್ರಿ.”

“ಅವರ ಅಂಗಳದಾಗ ಹಗೇವು ಐತೇನ್ರಿ?”

“ಹಳೇದೊಂದು ಐತ್ರಿ. ಈಗ ಜ್ವಾಳ ಯಾರು ಹಾಕ್ತಾರ್ರಿ ಅದಕ್ಕ, ಖಾಲಿ ಬಿದ್ದೈತಿ. ಯಾಕ್ರಿ ಮೇಡಂ?”

“ಈಗಿಂದೀಗ ಹೋಗಿ ನೋಡ್ರಿ. ಕೈ ಮುಗೀತೀನಿ.”

“ಹಸಿರು ಕೂಸಿನ ಮನಿಗೆ ಹೋದ್ರ ನನ್ನ ನೌಕರಿ ಹೋಕ್ಕೈತ್ರಿ. ಜಿಲ್ಲಾಕ್ಕ ಮೊದಲನೇ ಹುಡುಗಿ ಅಂತ ಪತ್ರ ನೀವ ಕಳಿಸೀರಿ.”

ಪೊಲೀಸರಿಗೆ ಫೋನು ಮಾಡಿದಳು. ಅವರು ಕೇಳಿದ್ದು ಒಂದೇ ಮಾತು: “ಬಣ್ಣ ಯಾವುದೈತ್ರಿ?”

ದಾರಿ ಒಂದೇ ಉಳಿದಿತ್ತು. ಹುಲಿಗೆವ್ವಳೊಬ್ಬಳನ್ನೇ ಕೆಂಪು ಮಾಡಲು ಬರುವುದಿಲ್ಲ. ತಿದ್ದಿದ ನಿಯಮವನ್ನು ಪೂರಾ ಹಿಂದಕ್ಕೆ ತೆಗೆಯಬೇಕು. ತಿದ್ದುಪಡಿ ನೀಲಾಂಬಿಕಾಳ ಹೆಸರಿನಲ್ಲೇ ಇತ್ತು, ತೆಗೆಯುವ ಹಕ್ಕೂ ಅವಳದೇ. ತೆಗೆದರೆ ಬೊಟ್ಟಿಟ್ಟ ಮಕ್ಕಳೆಲ್ಲ ಒಟ್ಟಿಗೆ ಕೆಂಪಾಗುತ್ತಾರೆ. ಚಂಪಾ ಇಂದು ಬೆಳಿಗ್ಗೆ ಮೀನು ಬರೆದಿದ್ದಳು, ಮೀನಿನ ರೆಕ್ಕೆಗೆ ಬೊಟ್ಟಿಟ್ಟಿದ್ದಳು.

ಮೆಣಸಿನಕಾಯಿಯವರು ಅವಳ ಕೈ ಹಿಡಿದುಕೊಂಡರು. “ತಡೀ ನೀಲಾ. ನೀ ತಿಳಕೊಂಡದ್ದು ಸುಳ್ಳಾದ್ರ? ಅಷ್ಟೂ ಮನಿಗೆ ಗಾಡಿ ಹೋಗತಾವು. ನಿನ್ನ ಮನಿಗೂ ಬರತೈತಿ. ಮ್ಯಾಲಿನವರಿಗೆ ಬರದು ಕೇಳೂಣು.”

“ಅವರು ಓದೂತನಕ ಆ ಕೂಸಿಗೆ ಉಸರು ಇರತೈತೇನ್ರಿ? ಅವತ್ತು ನನ್ನ ಮಗಳ ಸಲುವಾಗಿ ನಿಮಗ ಸೋಮವಾರತನಕ ತಡಕೊಳ್ಳಾಕ ಬಿಡಲಿಲ್ಲ ನಾ. ಇದು ನಾ ಮಾಡಿದ್ದು. ಕೈ ಬಿಡ್ರಿ.”

ಅವರು ಬಿಟ್ಟರು. ಅವಳು ಒತ್ತಿದಳು.

ಗೋಡೆ ಇದ್ದಕ್ಕಿದ್ದಂತೆ ಕೆಂಪಾಯಿತು. ಕೊಠಡಿಯ ಫೋನುಗಳೆಲ್ಲ ಒಟ್ಟಿಗೆ ರಿಂಗಣಿಸತೊಡಗಿದವು. ನೀಲಾಂಬಿಕಾ ಯಾವುದನ್ನೂ ಎತ್ತದೆ ಮುಂಡರಗಿಯ ಗಾಡಿಯವನನ್ನು ಹಿಡಿದಳು. ಉಳಿದವರನ್ನು ಬಿಡು, ಮೊದಲು ಹುಲಿಗೆವ್ವ, ಅವರ ಅಂಗಳದ ಹಗೇವು ತೆಗೆಸು ಎಂದಳು. ಆತ ಫೋನನ್ನು ಜೇಬಿನಲ್ಲಿ ತೆರೆದೇ ಇಟ್ಟುಕೊಂಡು ಓಡಿದ. ಬಾಗಿಲು ಬಡಿದ ಸದ್ದು, ಗಂಡಸಿನ ಬೈಗುಳ, ನಾಯಿ ಬೊಗಳಿದ್ದು, ಕಲ್ಲು ಸರಿದದ್ದು ಒಂದೊಂದಾಗಿ ಕೇಳಿಸಿದವು. “ಕಂದೀಲು ಇಳಿಬಿಟ್ವಿ, ಆರಿಹೋತ್ರಿ!” ಎಂದು ಯಾರೋ ಕೂಗಿದರು. “ಇಳೀಬ್ಯಾಡ್ರಿ! ಕಂಬಳಿ ತರ್ರಿ, ಗಾಳಿ ಬೀಸ್ರಿ!” ಎಂದಿತು ಇನ್ನೊಂದು ದನಿ.

ಅದೇ ಹೊತ್ತಿಗೆ ಅವಳ ಸ್ವಂತ ಫೋನು ಬಡಿದುಕೊಂಡಿತು. ಫಕೀರವ್ವ.

“ನೀಲವ್ವಾ, ಗಾಡಿ ಮತ್ತ ಬಂದೈತಿ. ಈ ಸಲ ಹಸಿರು ಆಗವಲ್ದು. ಕೂಸಿನ್ನ ಎತ್ತಿ ಕೂಡಸ್ಯಾರ. ಏನರೆ ಮಾಡವಾ, ನಿನ್ನ ಕೈಯಾಗ ಐತಿ!”

“ಅರಿವಿ ಕಟ್ಟಿ ಕೊಡ್ರಿ ಅತ್ತೀ. ಹೋಗಲಿ.”

“ಹೋಗಲಿ ಅಂತೀಯೇನು? ತಾಯಿ ಏನ ನೀ?”

ನಿಯಮ ಮತ್ತೆ ಹಾಕಿದರೆ ಹುಲಿಗೆವ್ವಳೂ ಹಸಿರಾಗಿ, ಹಗೇವಿನ ಬಾಯಲ್ಲಿದ್ದವರು ಅಂಗಳ ಬಿಟ್ಟು ಹೊರಬರಬೇಕಾಗುತ್ತಿತ್ತು. ಫೋನು ಕೈ ಬದಲಾಯಿತು. ಗಾಡಿಯೊಳಗಿನಿಂದ ಚಂಪಾ ಮಾತಾಡಿದಳು, ಅಳದೆ, ಸಣ್ಣ ದನಿಯಲ್ಲಿ.

“ಅವ್ವಾ, ನನ್ನ ಚಿತ್ರ ಕೆಟ್ಟಾವೇನು?”

“ಇಲ್ಲವಾ. ಭಾಳ ಚಲೋ ಅದಾವು.”

“ಮತ್ತ್ಯಾಕ ಒಯ್ಯಾಕತ್ಯಾರ?”

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರೆ ತುಂಡಾಯಿತು. ಇನ್ನೊಂದು ಕಿವಿಯಲ್ಲಿ ಮುಂಡರಗಿಯ ಗಾಡಿಯವನು ಏದುಸಿರು ಬಿಡುತ್ತ ಕೂಗಿದ: “ಎತ್ತೀವ್ರೀ! ಉಸರ ಐತಿ! ಅಕ್ಕೋರ, ಉಸರಾಡಾಕತ್ತಾಳ!” ಮೆಣಸಿನಕಾಯಿಯವರು ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು. ನೀಲಾಂಬಿಕಾ ಅಳತೊಡಗಿದಳು. ಸಂತೋಷವೂ ಸಂಕಟವೂ ಒಂದೇ ಸಲ ಮೈಮೇಲೆ ಬಿದ್ದು, ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಮನಗನ್ನಡಿಗೆ ಆಮೇಲೆ ಏನೇನೋ ಸಮಿತಿ ಕೂತವು, ಏನೇನೋ ತಿದ್ದಿದರು. ಹುಲಿಗೆವ್ವ ಆಸ್ಪತ್ರೆಯಿಂದ ಎದ್ದು ಬಂದಳು. ಅವಳ ಕಾಕಾ ಸೆರೆಮನೆ ಸೇರಿದ. ಆಸರೆ ಕೇಂದ್ರದಲ್ಲಿ ಜಾಗ ಸಾಲದೆ ಮಕ್ಕಳನ್ನು ಕಲ್ಯಾಣಮಂಟಪಗಳಲ್ಲಿ ಮಲಗಿಸಿದ್ದರು. ಒಮ್ಮೆ ಕೇಂದ್ರ ಸೇರಿದ ಮಗುವನ್ನು ಅವಧಿ ಮುಗಿಯದೆ ಬಿಡುವಂತಿರಲಿಲ್ಲ. ಆ ವಾರಗಳಲ್ಲಿ ಫಕೀರವ್ವ ಸೊಸೆಯೊಡನೆ ಒಂದು ಮಾತೂ ಆಡಲಿಲ್ಲ. ತಾಟಿನಲ್ಲಿ ರೊಟ್ಟಿ ಬಡಿಸಿ ಸರಿಸುತ್ತಿದ್ದಳು, ಅಷ್ಟೇ.

ಚಂಪಾ ಮನೆಗೆ ಬಂದಳು. ಮೈ ಕೈ ತುಂಬಿಕೊಂಡಿದ್ದಳು, ಹೊಸ ಹಾಡು ಕಲಿತಿದ್ದಳು. ಆಯಿಯ ಸೀರೆ ಹಿಡಿದು ಎರಡು ದಿನ ಮನೆಯೆಲ್ಲ ಸುತ್ತಿದಳು. ಬಣ್ಣದ ಡಬ್ಬಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಮೂರನೆಯ ದಿನ ಸಂಜೆ ಒಂದು ಹಾಳೆ ತೆಗೆದುಕೊಂಡು ಮೂಲೆಗೆ ಕೂತಳು. ನೀಲಾಂಬಿಕಾ ಒಲೆಯ ಮುಂದಿನಿಂದ ಓರೆಗಣ್ಣಲ್ಲಿ ನೋಡುತ್ತಿದ್ದಳು.

ಹುಡುಗಿ ಒಂದು ಕುದುರೆ ಬರೆದಳು. ಓಡುವ ಕುದುರೆ, ಬಾಲ ಗಾಳಿಯಲ್ಲಿ ಹಾರುತ್ತಿತ್ತು. ಎಂಥ ಕುದುರೆ! ನೋಡಿದವರ ಕಣ್ಣು ತಣಿಯಬೇಕು. ಬರೆದು ಮುಗಿಸಿದವಳು ಚಿತ್ರದತ್ತ ಒಂದು ಸಲವೂ ನೋಡಲಿಲ್ಲ. ಹಾಳೆಯನ್ನು ತಾಯಿಯ ಮುಂದೆ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತಳು.

“ಇದು ಚಲೋ ಐತೇನವಾ?”

ಮೊದಲು ಅವಳು ಯಾರನ್ನೂ ಹೀಗೆ ಕೇಳಿದವಳಲ್ಲ. ನೀಲಾಂಬಿಕಾ ಹಿಟ್ಟಿನ ಕೈ ಒರೆಸಿಕೊಂಡು ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

“ನಾ ಹೇಳೂದು ಬ್ಯಾಡ. ನೀನ ಹೇಳು, ನಿನಗ ಹ್ಯಾಂಗ ಕಾಣತೈತಿ?”

ಚಂಪಾ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು. ಬಹಳ ಹೊತ್ತು ನೋಡಿದಳು.

“ನನಗ ಗೊತ್ತಾಗವಲ್ದವಾ,” ಎಂದಳು.